ಮೊದಲು ಟ್ರೈನರ್, ಆಮೇಲೆ ಟ್ರೆಡ್‌ಮಿಲ್

ಹೊಸ ಜಿಮ್ ತೆರೆಯಲು ಹೊರಟವರು ಖರ್ಚಿನ ಪಟ್ಟಿ ಬರೆಯುವಾಗ ಟ್ರೆಡ್‌ಮಿಲ್, ಡಂಬಲ್, ಕನ್ನಡಿ, ಏಸಿ ಎಂದು ಶುರು ಮಾಡುತ್ತಾರೆ. ಟ್ರೈನರ್ ಸಂಬಳ ಕೊನೆಯ ಸಾಲಿನಲ್ಲಿ, ಮಿಕ್ಕ ದುಡ್ಡಿನಲ್ಲಿ ಬರುತ್ತದೆ. ಯಂತ್ರ ಕೆಟ್ಟರೆ ಮೆಕ್ಯಾನಿಕ್ ಬಂದು ಸರಿಮಾಡಿ ಹೋಗುತ್ತಾನೆ. ಆದರೆ ಮೊದಲ ವಾರವೇ ತಪ್ಪು ಭಂಗಿಯಲ್ಲಿ ಭಾರ ಎತ್ತಿ ಸೊಂಟ ಹಿಡಿಸಿಕೊಂಡ ಸದಸ್ಯ ಮತ್ತೆ ಜಿಮ್ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಯಂಥ ಊರುಗಳಲ್ಲಿ ಜಿಮ್ ತೆರೆಯುವವರು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು.

ಹಂಪಿಯ ಕಣ, ತೋರಣಗಲ್ಲಿನ ಅಂಗಳ

ಈ ಸೀಮೆಗೆ ಸಾಮು ಹೊಸದಲ್ಲ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ನಸುಕಿನಲ್ಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಹಚ್ಚಿಸಿಕೊಳ್ಳುತ್ತಿದ್ದ. ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಆಮೇಲೆ ಜಟ್ಟಿಯೊಬ್ಬನ ಜೊತೆ ಕುಸ್ತಿಗೆ ಇಳಿಯುತ್ತಿದ್ದ. ಮಹಾನವಮಿಯ ಕುಸ್ತಿಗಳಲ್ಲಿ ಹಲ್ಲು ಮುರಿಯುವಂಥ ಏಟುಗಳು ಬೀಳುತ್ತಿದ್ದವು ಎಂದೂ ಅವನು ಹೇಳುತ್ತಾನೆ. ಅಂಥ ಕಣದಲ್ಲೂ ಜಟ್ಟಿಗಳ ನಾಯಕರು, ತೀರ್ಪುಗಾರರು ನಿಂತಿರುತ್ತಿದ್ದರು. ಯಾರಿಗೂ ಅನ್ಯಾಯವಾಗದಂತೆ ಸರಿಸಮನಾಗಿ ನಿಲ್ಲಿಸುವುದು ಅವರ ಹೊಣೆಯಾಗಿತ್ತು.

ಗರಡಿ ಮನೆಗಳು ಈ ಮೇಲ್ವಿಚಾರಣೆಯನ್ನೇ ಮುಂದುವರಿಸಿದವು. ಹೊಸ ಹುಡುಗ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ ಇಳಿಯಬೇಕಾದರೆ ಗರಡಿಯ ಗುರುಗಳಾದ ವಸ್ತಾದರ ಅಪ್ಪಣೆ ಬೇಕು. ಎಷ್ಟು ದಂಡ, ಎಷ್ಟು ಬೈಠಕ್, ಯಾವಾಗ ಗದೆ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ.

ಇಂಥ ಮೇಲ್ವಿಚಾರಣೆಗೆ ನಮ್ಮ ಕಾಲದ ದೊಡ್ಡ ಉದಾಹರಣೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿದೆ. ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್, ಬಾಕ್ಸಿಂಗ್‌ಗೆ ಅಮೆರಿಕದ ರೊನಾಲ್ಡ್ ಸಿಮ್ಸ್ ಅವರನ್ನು ಕರೆಸಿತು. ಕುಸ್ತಿಗೆ ಇರಾನಿನಿಂದ, ಜೂಡೋಗೆ ಜಾರ್ಜಿಯಾದಿಂದ ತರಬೇತುದಾರರು ಬಂದರು. ಇವರ ಜೊತೆಗೆ ಫಿಸಿಯೋಥೆರಪಿ, ಆಹಾರ, ದೇಹಬಲದ ತರಬೇತಿಗೆ ಬೇರೆ ಬೇರೆ ಪರಿಣತರಿದ್ದಾರೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಚೇತರಿಕೆಯ ದಿನಗಳ ಒಂದು ಭಾಗವನ್ನು ಇಲ್ಲಿ ಕಳೆದರು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಕೈ 87.58 ಮೀಟರ್ ಎಸೆದು ಚಿನ್ನ ತಂದಿತು. ಊರಿನ ಜಿಮ್‌ಗೆ ಇಷ್ಟು ದೊಡ್ಡ ಪಡೆ ಬೇಡ. ಆದರೆ ಗಾಯಗೊಂಡ ಕೀಲಿಗೆ ಎಷ್ಟು ಭಾರ, ಯಾವಾಗ ಎಂದು ತಿಳಿದ ಒಬ್ಬರಾದರೂ ಇರಲೇಬೇಕು.

ತೋಳು ನೋಡಿ ಕೆಲಸ ಕೊಡಬೇಡಿ

ಹದಿನೆಂಟು ಇಂಚಿನ ತೋಳು, ಒಂದೆರಡು ಬಾಡಿಬಿಲ್ಡಿಂಗ್ ಪದಕ: ಹಲವು ಜಿಮ್‌ಗಳಲ್ಲಿ ಇಷ್ಟೇ ಅರ್ಹತೆ. ತನ್ನ ಮೈ ಕಟ್ಟಿಕೊಳ್ಳುವುದು ಒಂದು ವಿದ್ಯೆ, ಇನ್ನೊಬ್ಬರ ಮೈ ಓದುವುದು ಬೇರೆಯೇ ವಿದ್ಯೆ. ಬಿ.ಪಿ.ಎಡ್. ಪದವಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ಕೇಂದ್ರ ಸರ್ಕಾರದ ಕೌಶಲ ಚೌಕಟ್ಟಿನ ಫಿಟ್‌ನೆಸ್ ಟ್ರೈನರ್ ಸರ್ಟಿಫಿಕೇಟ್, ಎಸಿಇ, ಎಸಿಎಸ್‌ಎಂನಂಥ ಅಮೆರಿಕದ ಸಂಸ್ಥೆಗಳ ಸರ್ಟಿಫಿಕೇಟ್ ಇದ್ದವರನ್ನು ಮೊದಲು ಕರೆಯಬೇಕು. ತೋರಿಸಿದ ಕಾಗದ ಅಸಲಿಯೇ, ಅವಧಿ ಮುಗಿದಿಲ್ಲವೇ ಎಂದು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಬೇಕು.

ಕಾಗದ ನೋಡಿದ ಮೇಲೆ ಅರ್ಧ ಗಂಟೆಯ ಪ್ರಾಯೋಗಿಕ ಪರೀಕ್ಷೆ. ಅದಿರು ಲಾರಿ ಓಡಿಸಿ ನಡುನೋವು ತಂದುಕೊಂಡ ನಲವತ್ತೈದರ ಚಾಲಕರೊಬ್ಬರು ಇಂದೇ ಸೇರಿದ್ದಾರೆ ಎಂದುಕೊಂಡು ತರಬೇತಿ ಕೊಡಲು ಅಭ್ಯರ್ಥಿಗೆ ಹೇಳಿ. ಬಂದವನೇ ಬಾರ್‌ಗೆ ಪ್ಲೇಟ್ ಏರಿಸಿದನೋ, ಬೇಡ. ಬಿಪಿ ಇದೆಯಾ, ಎದೆನೋವು ಬಂದಿತ್ತಾ, ತಲೆಸುತ್ತು ಬರುತ್ತಾ, ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿ, ಬರೀ ಮೈಯಲ್ಲಿ ಕೂತೇಳಿಸಿ, ಬೆನ್ನು ಬಾಗುತ್ತದೆಯೇ, ಹಿಮ್ಮಡಿ ಏಳುತ್ತದೆಯೇ ಎಂದು ಪಕ್ಕದಿಂದ ಬಗ್ಗಿ ನೋಡಿದನೋ, ಅವನನ್ನು ಕೂರಿಸಿ ಸಂಬಳದ ಮಾತಾಡಬಹುದು. ಮೊದಲು ವೈದ್ಯರಿಗೆ ತೋರಿಸಿ ಬನ್ನಿ ಎನ್ನುವ ಧೈರ್ಯ ಇರುವವರು ಸಿಕ್ಕರೆ ಬಿಡಲೇಬಾರದು.

ಎದೆ ಒತ್ತಲು ಬರುತ್ತದೆಯೇ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ, ಅವರ ಅಭಿಮಾನಿಗಳೇ ತುಂಬಿರುವ ಹೊಸಪೇಟೆ ತನ್ನ ಮನೆಯ ಮಗನನ್ನೇ ಕಳೆದುಕೊಂಡಂತೆ ಅತ್ತಿತು. ಆ ಸಾವಿಗೆ ವ್ಯಾಯಾಮವೇ ಕಾರಣ ಎನ್ನುವಂತಿಲ್ಲ. ಆದರೆ ಜಿಮ್‌ಗಳಲ್ಲಿ ಪ್ರಥಮ ಚಿಕಿತ್ಸೆ ಗೊತ್ತಿರುವವರು ಇರಬೇಕೆಂಬ ಮಾತು ಆಗ ರಾಜ್ಯದಲ್ಲೆಲ್ಲ ಎದ್ದಿತು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುವ ಸಿಪಿಆರ್ ಅನ್ನು ಟ್ರೈನರ್ ಮಾತ್ರವಲ್ಲ, ರಿಸೆಪ್ಷನ್‌ನಲ್ಲಿ ಕೂರುವವರು, ಕಸ ಗುಡಿಸುವವರು ಕೂಡ ಕಲಿತಿರಬೇಕು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದಾಗ ಅಲ್ಲಿರುವುದು ಬಹುಪಾಲು ಅವರೇ.

ಸಂಬಳ, ಕಾಗದಪತ್ರ

ಸಂಬಳ ಕಡಿಮೆ ಕೊಟ್ಟು, ಪ್ರೋಟೀನ್ ಡಬ್ಬಿ ಮಾರಿದ್ದಕ್ಕೆ ಕಮಿಷನ್ ಎನ್ನುವ ಪದ್ಧತಿ ಅಪಾಯದ್ದು. ಡಬ್ಬಿಯಿಂದ ಶುರುವಾದ ವ್ಯಾಪಾರ ಸ್ಟೆರಾಯ್ಡ್ ಚುಚ್ಚುಮದ್ದಿನವರೆಗೆ ಹೋಗುವ ದಾರಿ ಉದ್ದವೇನಲ್ಲ. ಅವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ನಿಗದಿತ ಸಂಬಳ ಕೊಟ್ಟು, ಔಷಧದ ಮಾತೆತ್ತಿದರೆ ಕೆಲಸ ಹೋಗುತ್ತದೆ ಎಂದು ನೇಮಕಾತಿ ಪತ್ರದಲ್ಲೇ ಬರೆಯಬೇಕು.

ಜಿಮ್ ಅನ್ನು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅಡಿ ನೋಂದಾಯಿಸಬೇಕು. ದಿನಕ್ಕೆ 9, ವಾರಕ್ಕೆ 48 ಗಂಟೆಗಿಂತ ಹೆಚ್ಚಿನ ಕೆಲಸಕ್ಕೆ ಓವರ್‌ಟೈಮ್ ಕೊಡಬೇಕು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಒಬ್ಬನೇ ಟ್ರೈನರ್ ಎಂಬ ಲೆಕ್ಕ ಇಲ್ಲೇ ಬಿದ್ದುಹೋಗುತ್ತದೆ. ಸಿಬ್ಬಂದಿ ಹತ್ತು ಮಂದಿ ಆದರೆ ಇಎಸ್‌ಐ ಜೊತೆಗೆ, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿಯೂ ಬೇಕು. ಹೆಂಗಸರ ಬ್ಯಾಚ್ ಇಡುವುದಾದರೆ ಮಹಿಳಾ ಟ್ರೈನರ್ ಸಿಕ್ಕಿದ ಮೇಲೆಯೇ ಬೋರ್ಡ್ ಹಾಕುವುದು ಸರಿ.

ಅರ್ಹರು ನಮ್ಮೂರಲ್ಲಿ ಎಲ್ಲಿ ಸಿಗುತ್ತಾರೆ ಎಂಬುದೇ ಹಲವರ ಕೊರಗು. ಕುಸ್ತಿ ಆಡಿ ಬಿಟ್ಟ ಯುವಕರು, ಕೆಲಸ ಹುಡುಕುತ್ತಿರುವ ದೈಹಿಕ ಶಿಕ್ಷಣ ಪದವೀಧರರು, ಕಬಡ್ಡಿ, ಖೋಖೋ ಆಡಿದ ಹೆಣ್ಣುಮಕ್ಕಳು ಈ ತಾಲ್ಲೂಕುಗಳಲ್ಲೇ ಇದ್ದಾರೆ. ಅನುಭವ ಇದ್ದೂ ಕಾಗದ ಇಲ್ಲದವರನ್ನು ಜಿಮ್ ತೆರೆಯುವುದಕ್ಕೆ ಮೂರು ತಿಂಗಳು ಮೊದಲೇ ಆರಿಸಿ, ಮಾಲೀಕರೇ ಶುಲ್ಕ ಕಟ್ಟಿ ಸರ್ಟಿಫಿಕೇಟ್ ಕೋರ್ಸಿಗೆ ಕಳಿಸಬಹುದು. ಒಂದು ಟ್ರೆಡ್‌ಮಿಲ್ ಕಡಿಮೆ ಕೊಂಡರೆ ಆ ಶುಲ್ಕಕ್ಕೆ ದಾರಿಯಾಗುತ್ತದೆ.