ಬಿಸಿಲಿದೆ ಅಂದ್ರೆ ಸಾಕಾ?

2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ಬಿಸಿಲು ದಾಖಲಾಯಿತು. ದೇಶದಲ್ಲಿ ಅಲ್ಲಿಯವರೆಗೆ ಅಷ್ಟು ಬಿಸಿಲು ದಾಖಲಾಗಿರಲಿಲ್ಲ. ಅದೇ ಫಲೋದಿ ಸೀಮೆಯಲ್ಲಿ ಭಡ್ಲಾ ಸೋಲಾರ್ ಪಾರ್ಕ್ ಇದೆ. ಸಾಮರ್ಥ್ಯ 2,245 ಮೆಗಾವ್ಯಾಟ್. ಇದನ್ನು ಕೇಳಿದವರು ಏನಂತಾರೆ? 'ಅಷ್ಟೊಂದು ಬಿಸಿಲಿದೆಯಲ್ಲ ಸ್ವಾಮಿ, ಥಾರ್ ಮರುಭೂಮಿ ತುಂಬಾ ಪ್ಯಾನೆಲ್ ಹಾಸಿಬಿಡಿ, ಕರೆಂಟ್ ಸಮಸ್ಯೆ ಮುಗೀತು!' ಇಲ್ಲ ವೀಕ್ಷಕರೇ, ಅಷ್ಟು ಸುಲಭಕ್ಕೆ ಮುಗಿಯಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಳ್ಳೋಣ. ಸೋಲಾರ್ ಪ್ಯಾನೆಲ್‌ಗೆ ಬೇಕಾಗಿರೋದು ಬೆಳಕು, ಶಾಖ ಅಲ್ಲ. ಪ್ಯಾನೆಲ್ ಮೇಲೆ ಬರೆದಿರುವ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಉಷ್ಣಾಂಶದಲ್ಲಿ. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಸಿಲಿಕಾನ್ ಪ್ಯಾನೆಲ್‌ನ ಉತ್ಪಾದನೆ ಸುಮಾರು ಶೇಕಡಾ 0.4ರಷ್ಟು ಇಳಿಯುತ್ತೆ. ಮರುಭೂಮಿಯ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಕಾದರೆ ಲೆಕ್ಕ ಹಾಕಿ. 100 ಯೂನಿಟ್ ಬರಬೇಕಾದ ಕಡೆ ಬರೋದು 84. ಹಾಗಿದ್ರೂ ಅಲ್ಲಿ ಸೋಲಾರ್ ಲಾಭದಾಯಕವೇ. ಯಾಕಂದ್ರೆ ವರ್ಷದಲ್ಲಿ ಮೋಡವಿಲ್ಲದ ದಿನಗಳೇ ಹೆಚ್ಚು.

ಆಮೇಲೆ ಬರೋದು ಧೂಳು. ಮರಳುಗಾಳಿ ಬೀಸಿತು ಅಂದ್ರೆ ಪ್ಯಾನೆಲ್ ಮೇಲೆ ಪದರ ಕೂರುತ್ತೆ, ಉತ್ಪಾದನೆ ಬೀಳುತ್ತೆ. ತೊಳೀಬೇಕು ಅಂದ್ರೆ ನೀರು ಬೇಕು. ಜನ ಕುಡಿಯೋ ನೀರಿಗೇ ಟ್ಯಾಂಕರ್ ಕಾಯುವ ಜಾಗದಲ್ಲಿ ಲಕ್ಷಾಂತರ ಪ್ಯಾನೆಲ್ ತೊಳೆಯೋದು ಯಾವ ನ್ಯಾಯ? ಅದಕ್ಕೇ ಭಡ್ಲಾದಲ್ಲಿ ನೀರಿಲ್ಲದೆ ಬ್ರಷ್‌ನಿಂದಲೇ ಧೂಳು ಗುಡಿಸುವ ರೋಬೋಟ್‌ಗಳು ಬಂದವು. ಇದು ದುಬಾರಿ ಷೋಕಿಯಲ್ಲ, ಅಲ್ಲಿನ ಅನಿವಾರ್ಯ.

ಇನ್ನೊಂದು ದಾರಿ, ಸೌರ ಉಷ್ಣ ಸ್ಥಾವರ. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಶಾಖದಿಂದ ಹಬೆ ಮಾಡಿ, ಟರ್ಬೈನ್ ತಿರುಗಿಸುವುದು. ಇದರ ದೊಡ್ಡ ಲಾಭ ಅಂದ್ರೆ ಶಾಖವನ್ನು ಕರಗಿಸಿದ ಉಪ್ಪಿನಲ್ಲಿ ಕೂಡಿಟ್ಟು ಸೂರ್ಯ ಮುಳುಗಿದ ಮೇಲೂ ಕರೆಂಟ್ ತೆಗೆಯಬಹುದು. ಆದರೆ ಹಬೆಯನ್ನು ತಣಿಸೋಕೆ ಮತ್ತೆ ನೀರೇ ಬೇಕು. ಮೊರಾಕ್ಕೊ ದೇಶದ ನೂರ್ ಸ್ಥಾವರವನ್ನೇ ನೋಡಿ. ಮೊದಲ ಘಟಕವನ್ನು ನೀರಿನಿಂದ ತಣಿಸಿದರು. ಎರಡನೇ, ಮೂರನೇ ಘಟಕದ ಹೊತ್ತಿಗೆ ಗಾಳಿಯಿಂದ ತಣಿಸುವ ವ್ಯವಸ್ಥೆಗೆ ಬದಲಾದರು. ಮರುಭೂಮಿ ಅವರಿಗೆ ಪಾಠ ಕಲಿಸಿತ್ತು.

ಹಾಗಾದ್ರೆ ಗಾಳಿ? ಜೈಸಲ್ಮೇರ್‌ನಲ್ಲಿ 2001ರಿಂದಲೇ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿಗೆ ನೀರು ಬೇಡ, ಅದು ರಾತ್ರಿಯೂ ಬೀಸುತ್ತೆ. ಮುಂಗಾರಿನಲ್ಲಿ ಮೋಡ ಕವಿದು ಸೋಲಾರ್ ಸೊರಗಿದಾಗ ಗಾಳಿಯ ಜೋರು ಹೆಚ್ಚು. ಚಳಿಗಾಲದಲ್ಲಿ ಗಾಳಿ ಇಳಿಯುತ್ತೆ, ಆಗ ಆಕಾಶ ಶುಭ್ರ. ಒಂದು ಸೋತಾಗ ಇನ್ನೊಂದು ಕೈಹಿಡಿಯುತ್ತೆ. ಜೊತೆಗೆ ಸಂಜೆ ಏಳು ಗಂಟೆಗೆ ಊರಿಗೆಲ್ಲಾ ದೀಪ ಬೇಕಾದಾಗ ಬ್ಯಾಟರಿ. ಈ ಮೂರೂ ಸೇರಿದರೆ ಒಣನಾಡಿಗೆ ಒಪ್ಪುವ ಜೋಡಣೆ.

ಇಷ್ಟು ತಂತ್ರಜ್ಞಾನದ ಮಾತಾಯಿತು. ನಿಜವಾದ ಪ್ರಶ್ನೆ ಈಗ ಬರುತ್ತೆ. ಸರ್ಕಾರಿ ಕಡತದಲ್ಲಿ 'ಬಂಜರು' ಅಂತ ಬರೆದ ಜಾಗ ನಿಜಕ್ಕೂ ಖಾಲಿ ಇದೆಯಾ? ರಾಜಸ್ಥಾನದಲ್ಲಿ 'ಓರಣ್' ಅಂತಾರೆ, ನಮ್ಮ ದೇವರಕಾಡಿನ ಹಾಗೆ. ದೇವರ ಹೆಸರಲ್ಲಿ ಬಿಟ್ಟ ಆ ನೆಲದಲ್ಲೇ ಒಂಟೆ, ಕುರಿ, ದನ ಮೇಯೋದು. ಎಷ್ಟೋ ಓರಣ್‌ಗಳು ದಾಖಲೆಯಲ್ಲಿ ಬರೀ ಬಂಜರು! ಅಲ್ಲೇ ಹಾರಾಡುವ ಹಕ್ಕಿ ಗೋಡಾವಣ, ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಕಾಣುವ ಎರೆಭೂತವೂ ಇದೇ. ಭಾರವಾದ ಈ ಹಕ್ಕಿಗೆ ನೇರ ಮುಂದಿರುವ ತಂತಿ ಸರಿಯಾಗಿ ಕಾಣೋದಿಲ್ಲ, ಡಿಕ್ಕಿ ಹೊಡೆದು ಸಾಯುತ್ತೆ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಿ ಅಂತ ಹೇಳಿತು. 2024ರಲ್ಲಿ ಆ ಆದೇಶ ಸಡಿಲಿಸಿ, ತಜ್ಞರ ಸಮಿತಿ ರಚಿಸಿತು. ಹಕ್ಕಿಯೂ ಉಳೀಬೇಕು, ಕರೆಂಟೂ ಬೇಕು ಅನ್ನೋದು ನ್ಯಾಯಾಲಯಕ್ಕೇ ಸುಲಭದ ತೀರ್ಮಾನ ಆಗಲಿಲ್ಲ.

ನಮ್ಮ ಪಾವಗಡದಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಭೂಮಿ ಇದ್ದವರಿಗೆ ವರ್ಷ ವರ್ಷ ಬಾಡಿಗೆ ಬಂತು. ಆದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ? ಬಾಡಿಗೆ ಪತ್ರದಲ್ಲಿ ಅವರ ಹೆಸರೇ ಇರಲಿಲ್ಲ.

ಕಲ್ಲಿದ್ದಲು ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಣನಾಡಿನಲ್ಲಿ ಯೋಜನೆ ಆರಿಸುವಾಗ ಬಿಸಿಲೆಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ನೀರೆಷ್ಟು ಬೇಕು, ಸಂಜೆಗೆ ಏನು ವ್ಯವಸ್ಥೆ, ಆ ನೆಲ ನಂಬಿಕೊಂಡವರು ಯಾರು ಅಂತಲೂ ಕೇಳಿ. ಉತ್ತರ ಸಿಕ್ಕ ಮೇಲೆ ಪ್ಯಾನೆಲ್ ಹಾಸಿ.