ಬಾಳೆಗೆ ಬೀಜವೇಕಿಲ್ಲ? ಮಗುವಿಗೆ ಒಂದೆಳೆ ಹೆಚ್ಚೇಕೆ?



ಮನೆಭೇಟಿಗೆ ಹೋಗಿದ್ದಾಗ ಡೌನ್ ಸಿಂಡ್ರೋಮ್ ಇರುವ ಮಗುವಿನ ತಾಯಿಯೊಬ್ಬರು, "ಫಾದರ್, ಇದು ನನ್ನ ಯಾವ ತಪ್ಪಿನ ಫಲ?" ಎಂದು ನಮ್ಮನ್ನು ಕೇಳಿದರು. ಉತ್ತರವನ್ನು ನಮ್ಮ ತೋಟದಿಂದಲೇ ಆರಂಭಿಸೋಣ.

ಜೀವಕೋಶಗಳೊಳಗೆ ತಂದೆತಾಯಿಯ ಗುಣಗಳನ್ನು ಹೊತ್ತ ಸೂಕ್ಷ್ಮ ಎಳೆಗಳಿವೆ. ಇವೇ ವರ್ಣತಂತುಗಳು. ತೆಂಗಿನಲ್ಲಿ 32, ಅಂದರೆ 16 ಜೋಡಿ. ಮನುಷ್ಯನಲ್ಲಿ 46, ಅಂದರೆ 23 ಜೋಡಿ. ಗಿಡ ಬೆಳೆಯುವಾಗ ಒಂದು ಕೋಶ ಎರಡಾದರೂ ಈ ಸಂಖ್ಯೆ ಬದಲಾಗದು. ಆದರೆ ಪರಾಗ ಮತ್ತು ಅಂಡ ತಯಾರಾಗುವಾಗ ಅದು ಅರ್ಧವಾಗಲೇಬೇಕು. ಇಲ್ಲವಾದರೆ ಮುಂದಿನ ತಲೆಮಾರಿಗೆ 32 ಹೋಗಿ 64, ಅದರ ಮುಂದಿನದಕ್ಕೆ 128 ಆದೀತು!

ಹೀಗೆ ಅರ್ಧವಾಗುವ ವಿಭಜನೆಗೆ ಮಿಯಾಸಿಸ್ ಎಂದು ಹೆಸರು. ಮೊದಲು ಪ್ರತಿ ಎಳೆಗೂ ಒಂದು ನಕಲು ತಯಾರಾಗುತ್ತದೆ. ಬಳಿಕ ಕೋಶ ಎರಡು ಸಲ ಒಡೆಯುತ್ತದೆ. ಮೊದಲ ಸಲ ಜೋಡಿಗಳು ಅಗಲುತ್ತವೆ. ಎರಡನೆಯ ಸಲ ನಕಲುಗಳು ಬೇರೆಯಾಗುತ್ತವೆ. ತೆಂಗಿನ ಪರಾಗದಿಂದ 16, ಅಂಡದಿಂದ 16. ಕೂಡಿದಾಗ ಮತ್ತೆ 32.

ನೇಂದ್ರ ಬಾಳೆಯಲ್ಲಿ 33 ಎಳೆಗಳಿವೆ: ಹನ್ನೊಂದರ ಮೂರು ಪಾಲು. ಮೂರನ್ನು ಸರಿಯಾಗಿ ಜೋಡಿ ಮಾಡಲಾಗದು, ಅರ್ಧ ಮಾಡಲೂ ಆಗದು. ಅದರಲ್ಲಿ ಬೀಜ ಕಟ್ಟದಿರಲು ಇದು ಮುಖ್ಯ ಕಾರಣ. ಆದ್ದರಿಂದಲೇ ನಾವು ಕಂದು ನೆಡುತ್ತೇವೆ. ಕಂದಿನೊಂದಿಗೆ ತಾಯಿ ಬುಡದ ರೋಗವೂ ಬರಬಹುದು. ಆರೋಗ್ಯವಂತ ಬುಡದಿಂದಲೇ ಕಂದು ಕೀಳಿರಿ.

ಮನುಷ್ಯರಲ್ಲಿ ಕೆಲವೊಮ್ಮೆ ಒಂದು ಜೋಡಿ ಅಗಲದೆ ಒಂದೇ ಕಡೆ ಉಳಿಯುತ್ತದೆ. ಆಗ 23ರ ಬದಲು 24 ಎಳೆಗಳು ಬಂದು, ಮಗುವಿಗೆ 47 ಆಗುತ್ತವೆ. 21ನೆಯ ವರ್ಣತಂತು ಮೂರಾದರೆ ಡೌನ್ ಸಿಂಡ್ರೋಮ್. ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೇ ಮತ್ತು ರೇಮೋನ್ ತುರ್ಪಾಂ ಇದನ್ನು 1959ರಲ್ಲಿ ಪ್ರಕಟಿಸಿದರು.

ಈ ವ್ಯತ್ಯಾಸ ಹೆಚ್ಚಾಗಿ ಅಂಡದಲ್ಲಿ ಆಗುತ್ತದೆ, ಕೆಲವೊಮ್ಮೆ ತಂದೆಯ ಬೀಜಾಣುವಿನಲ್ಲಿಯೂ ಆಗುತ್ತದೆ. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಹೆಚ್ಚುತ್ತದೆ. ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ಗ್ರಹಣದ ಹೊತ್ತಿಗೆ ಹೊರಗೆ ಹೋದದ್ದಾಗಲಿ, ತಿಂದದ್ದಾಗಲಿ, ಯಾರ ಪಾಪವಾಗಲಿ ಇದಕ್ಕೆ ಕಾರಣವಲ್ಲ.

ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಆದ್ದರಿಂದ ಮಗು ಹುಟ್ಟಿದ ಕೂಡಲೇ ಹೃದಯದ ಎಕೋ ಪರೀಕ್ಷೆ ಮಾಡಿಸಿರಿ. ಥೈರಾಯ್ಡ್, ಕಿವಿ, ಕಣ್ಣುಗಳನ್ನೂ ಆಗಾಗ ತೋರಿಸುತ್ತಿರಿ. ಮಾತು, ನಡಿಗೆ ತಡವಾದರೂ ಕಲಿಸಿದರೆ ಕಲಿಯುತ್ತಾರೆ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: "ತಪ್ಪು ನಿಮ್ಮದಲ್ಲಮ್ಮ." ಅತ್ತೆ, ಮಾವ, ನೆರೆಹೊರೆಯವರೂ ಇದೇ ಮಾತನ್ನು ಹೇಳಲಿ.