ಕನ್ನಡದ ಮೆಟ್ಟಿಲಿನಿಂದ ಜಪಾನಿ ಭಾಷೆಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಮನೆಗಳಲ್ಲಿ ಎರಡು ಭಾಷೆ ಕಿವಿಗೆ ಬೀಳದ ಮಕ್ಕಳು ವಿರಳ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಎಂಬುದು ಗಡಿನಾಡಿನ ಸಹಜವಾದ ಬಾಳುವೆ. ಇಂತಹ ಮಕ್ಕಳಿಗೆ ಮತ್ತೊಂದು ಭಾಷೆ ಕಠಿಣವೆನಿಸಬಾರದು. ಆದರೂ ಕಠಿಣವೆನಿಸುತ್ತಿದ್ದರೆ ದೋಷವು ಭಾಷೆಯದಲ್ಲ, ಕಲಿಸುವ ದಾರಿಯದು.

ಅಥಣಿಯ ಕಡೆಯ ತರುಣನೊಬ್ಬನು ಒಮ್ಮೆ ನನ್ನಲ್ಲಿಗೆ ಬಂದನು. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮುಗಿಸಿದವನು. ಜಪಾನ್ ದೇಶವು 2019ರ ಏಪ್ರಿಲ್ ತಿಂಗಳಿನಿಂದ ನಿರ್ದಿಷ್ಟ ಕೌಶಲವುಳ್ಳ ಕೆಲಸಗಾರರಿಗೆ ಹೊಸ ವೀಸಾ ಪದ್ಧತಿಯನ್ನು ತಂದಿತು. 2021ರ ಜನವರಿಯಲ್ಲಿ ಭಾರತವೂ ಈ ಕುರಿತು ಒಡಂಬಡಿಕೆಗೆ ಸಹಿ ಹಾಕಿತು. ಆದರೆ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಆ ಬಾಗಿಲು ತೆರೆಯದು. ತಂದೆ ಎಮ್ಮೆ ಮಾರಿ ಪಾಠದ ಶುಲ್ಕ ಕಟ್ಟಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಪಾಠವನ್ನು ಮುಂದಿಟ್ಟು ಹುಡುಗನು, “ಗುರುಗಳ, ಅತ್ತಿಗೂ ಅಜ್ಜಿಗೂ ಒಂದ ಶಬ್ದ ಕಾಣಸ್ತೈತ್ರಿ” ಎಂದನು.

ನಾನು ಅದನ್ನು ಕನ್ನಡದಲ್ಲಿ ಬರೆಸಿದೆನು. ‘ಒಬಸನ್’ ಎಂದರೆ ಅತ್ತೆ. ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು. ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ, ದ್ವಿತ್ವಗಳು ನಮ್ಮ ಲಿಪಿಯಲ್ಲಿ ಕಣ್ಣಿಗೆ ಕಾಣುತ್ತವೆ. ಹುಡುಗನ ಮುಖ ಅರಳಿತು.

ಇದು ಆಕಸ್ಮಿಕವಲ್ಲ. ಜಪಾನಿ ವರ್ಣಮಾಲೆಯ ಕ್ರಮವು ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಚಕಾರದ ಸ್ಥಾನದಲ್ಲಿ ಸಕಾರ, ಪಕಾರದ ಸ್ಥಾನದಲ್ಲಿ ಹಕಾರ ಬಂದಿರುವುದಷ್ಟೇ ಭೇದ. ಬೌದ್ಧ ಭಿಕ್ಷುಗಳೊಡನೆ ಅಲ್ಲಿಗೆ ಹೋದ ಸಿದ್ಧಂ ಲಿಪಿಯ, ಸಂಸ್ಕೃತ ವರ್ಣಕ್ರಮದ ಅಧ್ಯಯನವೇ ಇದಕ್ಕೆ ಮೂಲ. ವಾಕ್ಯರಚನೆಯೂ ಹಾಗೆಯೇ. ‘ವತಶಿ ವ ಹೊನ್ ಒ ಯೊಮಿಮಸು’ ಎಂಬುದು ‘ನಾನು ಪುಸ್ತಕವನ್ನು ಓದುತ್ತೇನೆ’ ಎಂಬ ಕ್ರಮದಲ್ಲಿಯೇ ಇದೆ. ‘ಒ’ ಎಂಬುದು ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ. ಇಂಗ್ಲಿಷಿನ ಮೂಲಕ ಹೋಗುವವನು ಈ ವಾಕ್ಯವನ್ನು ಎರಡು ಸಲ ತಿರುವಿ ಹಾಕಬೇಕಾಗುತ್ತದೆ. ಎರಡು ಭಾಷೆಗಳೂ ಒಂದೇ ಕುಲದವೆಂದು ಇದರಿಂದ ಹೇಳಲಾಗದು. ಆದರೆ ಕಲಿಯುವವನಿಗೆ ಈ ಸಾಮ್ಯವು ಊರುಗೋಲಾಗುತ್ತದೆ.

ಹಾಗಾದರೆ ಕನ್ನಡದ ಮೂಲಕ ಜಪಾನಿ ಕಲಿಸುವ ಮೊಬೈಲ್ ಆ್ಯಪನ್ನು ನಮ್ಮ ತರುಣರೇ ಏಕೆ ಕಟ್ಟಬಾರದು? ಸಾಮಗ್ರಿಯಲ್ಲಿ ಬಹುಪಾಲು ಈಗಾಗಲೇ ಲೋಕದ ಸೊತ್ತಾಗಿದೆ. ಆಸ್ಟ್ರೇಲಿಯಾದ ಜಿಮ್ ಬ್ರೀನ್ ಎಂಬ ವಿದ್ವಾಂಸರು 1991ರಲ್ಲಿ ಜಪಾನಿ-ಇಂಗ್ಲಿಷ್ ಪದಕೋಶವನ್ನು ಗಣಕದಲ್ಲಿ ಕೂಡಿಸತೊಡಗಿದರು. ಜೆಎಂಡಿಕ್ಟ್ ಎಂಬ ಹೆಸರಿನಿಂದ ಬೆಳೆದ ಅದು ಇಂದು ಯಾರು ಬೇಕಾದರೂ ಬಳಸಬಹುದಾದ ಭಂಡಾರ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಅವರು ತಮ್ಮ ಜಪಾನಿ ಅಭ್ಯಾಸಕ್ಕಾಗಿ ‘ಅಂಕಿ’ ಎಂಬ ತಂತ್ರಾಂಶ ರಚಿಸಿದರು. ಜಪಾನಿಯಲ್ಲಿ ಅಂಕಿ ಎಂದರೆ ಕಂಠಪಾಠ. ಕಲಿತ ಪದವನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದು ಅದರ ಗುಟ್ಟು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಆವೃತ್ತಿ ಮಾಡಿಸುತ್ತಿದ್ದ ನಮ್ಮ ಗುರುಗಳಿಗೂ ಈ ಗುಟ್ಟು ತಿಳಿದಿತ್ತು. ಅಂಕಿಯ ಒಳಬರಹವೆಲ್ಲ ತೆರೆದಿದೆ. ಬಲ್ಲವರು ಓದಿ, ತಿದ್ದಿ, ಬೆಳೆಸಬಹುದು.

ಕನ್ನಡದಲ್ಲಿಯೂ ಇಂತಹ ಔದಾರ್ಯಕ್ಕೆ ಕೊರತೆಯಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತವಾಗಿ ಲೋಕಾರ್ಪಣೆಯಾಯಿತು. ಒಂದೂವರೆ ಲಕ್ಷದಷ್ಟು ಪದಗಳುಳ್ಳ ಆ ಕೃತಿಯು ನಿಜಕ್ಕೂ ಅಕ್ಷರದಾಸೋಹ. ಕರ್ತೃವಿನ ಹೆಸರನ್ನು ನೆನೆಯಬೇಕು, ಬೆಳೆಸಿದ್ದನ್ನು ಅದೇ ರೀತಿ ಮರಳಿ ಹಂಚಬೇಕು ಎಂಬುದು ಇಂತಹ ಭಂಡಾರಗಳ ನಿಬಂಧನೆ.

ಎರಡು ಕೋಶಗಳನ್ನು ಇಂಗ್ಲಿಷಿನ ಮೂಲಕ ಯಂತ್ರದಿಂದಲೇ ಜೋಡಿಸಿದರೆ ಕೆಲಸ ಮುಗಿಯಿತೇ? ಮುಗಿಯದು. ಜಪಾನಿಯ ‘ಹರು’ ಎಂದರೆ ವಸಂತಋತು. ಇಂಗ್ಲಿಷಿನಲ್ಲಿ ಅದಕ್ಕಿರುವ ‘ಸ್ಪ್ರಿಂಗ್’ ಎಂಬ ಪದಕ್ಕೆ ನೀರಿನ ಚಿಲುಮೆ ಎಂಬ ಅರ್ಥವೂ ಉಂಟು. ಯಂತ್ರವು ವಸಂತವನ್ನು ಚಿಲುಮೆ ಮಾಡಿ ಕೂಡಿಸಿಬಿಡಬಹುದು. ಆದ್ದರಿಂದ ಒಂದೊಂದು ಪದವನ್ನೂ ಮನುಷ್ಯನ ಕಣ್ಣು ನೋಡಬೇಕು. ಗಣಕ ಬಲ್ಲ ಹುಡುಗರು, ಕನ್ನಡ ಬಲ್ಲ ಶಿಕ್ಷಕರು, ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರು ಒಟ್ಟುಗೂಡಿದರೆ ಇದು ಅಸಾಧ್ಯವಲ್ಲ. ಮೊದಲು ಐದುನೂರು ಪದಗಳಾದರೂ ಸಾಕು.

ಪಾಲಕರಿಗೆ ಒಂದು ಎಚ್ಚರಿಕೆಯ ಮಾತು. ಆ್ಯಪು ಗುರುವಲ್ಲ, ನಿತ್ಯ ಬಳಕೆಗೆಂದು ಜಪಾನ್ ಸರಕಾರವು ಗೊತ್ತುಪಡಿಸಿರುವ 2136 ಚಿತ್ರಲಿಪಿಗಳನ್ನು ಯಾವ ಉಪಕರಣವೂ ಒಂದು ರಾತ್ರಿಯಲ್ಲಿ ತಲೆಗೆ ಇಳಿಸದು. ಕೆಲಸದ ಆಸೆ ತೋರಿಸಿ ಹಣ ಕೇಳುವವರ ಮಾತನ್ನು ನಂಬಿ ಹೊಲ ಅಡವು ಇಡಬೇಡಿರಿ. ಮೊದಲು ಮಗನೋ ಮಗಳೋ ಮನೆಯಲ್ಲಿಯೇ, ವೆಚ್ಚವಿಲ್ಲದೆ, ಮೂರು ತಿಂಗಳು ನಿಷ್ಠೆಯಿಂದ ಕಲಿಯಲಿ. ಮನಸ್ಸು ನಿಂತರೆ ಆಮೇಲೆ ಶುಲ್ಕದ ಯೋಚನೆ.

ಆ ಹುಡುಗನು ಈಗ ತಾನು ಕಲಿತ ಪದಗಳನ್ನು ಕನ್ನಡ ಅರ್ಥಸಹಿತ ಒಂದು ವಹಿಯಲ್ಲಿ ಬರೆದಿಡುತ್ತಿದ್ದಾನೆ. ಮುಂದೆ ಬರುವವನು ಎಮ್ಮೆ ಮಾರದಿರಲಿ ಎಂಬುದು ಅವನ ಬಯಕೆ. ಆ ವಹಿಯು ಅವನೊಬ್ಬನದಾಗಿ ಉಳಿಯದೆ ನಾಡಿನದಾಗಲಿ.